ಕೆಂದಿ ಎದ್ದ ಸುದ್ದಿ

ದುದ್ದ
೧೬-೬-೨೦೨೪

ಚಿ. ಧನ್ಯಾಳಿಗೆ ನಿನ್ನ ದೊಡ್ಡಪ್ಪ ಕಾಂತರಾಜು ಮಾಡುವ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಎಲ್ಲರೂ ಇದ್ದೇವೆ ಎಂದು ಬರೆಯುತ್ತೇನೆ. ಅಷ್ಟನ್ನು ನೀನು ನಂಬಬಹುದು.

ಫೋನ್ ಮಾಡಬೇಡಿ ದೊಡ್ಡಪ್ಪ, ಅದು ಹೊಡೆದುಕೊಂಡರೆ ಆ ಬೆಳಿಗ್ಗೆಯೇ ಮತ್ತೆ ಬರುತ್ತದೆ, ಏನಿದ್ದರೂ ಬರೆಯಿರಿ ಎಂದು ಯಾದಗಿರಿ ಬಸ್ಸು ಹತ್ತುವಾಗ ನೀನು ಹೇಳಿದ್ದೆ. ಬರೆಯಲು ಇಷ್ಟು ದಿನ ಬೇಕಾಯಿತು. ಅಂಚೆ ಕಚೇರಿಯಲ್ಲಿ ಕಾಗದ ಕೇಳಿದರೆ, "ಏನ್ ಕಾಂತಣ್ಣ, ಈ ವಯಸ್ನಲ್ಲಿ ಯಾರ್ಗೆ ಬರೀತೀಯ, ಅತ್ಗೆಗೆ ಗೊತ್ತಾ?" ಎಂದು ನಕ್ಕರು. ನಾನೂ ನಕ್ಕೆ. ನಗುವುದು ಮರೆತಿಲ್ಲ. ಮುಖ ತಾನಾಗಿ ನಗುತ್ತದೆ, ನಾನು ಸ್ವಲ್ಪ ಹೊತ್ತು ಬಿಟ್ಟು ನೋಡುತ್ತೇನೆ.

ಹೋದ ವಾರ ನಿನ್ನಪ್ಪನ ಶೆಡ್ಡಿನ ಬೀಗ ತೆಗೆದೆ. ತೆಗೆಯಬೇಕೆಂದು ತೆಗೆದದ್ದಲ್ಲ, ಒಂದು ಸ್ಪ್ಯಾನರ್ ಬೇಕಿತ್ತು. ಸಣ್ಣ ಟ್ರಾಕ್ಟರ್ ನಿಲ್ಲಿಸಿದಲ್ಲೇ ನಿಂತಿದೆ. ಬ್ಯಾಟರಿ ಸತ್ತಿದೆ. ಮುಂದೆ ಭಾರ ಎತ್ತಲು ಕಟ್ಟಿದ ಲೋಡರಿನ ಕೈಗೆ ಗೊಬ್ಬರ ಎತ್ತುವ ಮುಳ್ಳು ಸಿಕ್ಕಿಸಿದ್ದು ಹಾಗೇ ಇದೆ. ಮುಳ್ಳಿನ ಸಂದಿಯಲ್ಲಿ ಡಿಸೆಂಬರಿನ ಗೊಬ್ಬರ ಒಣಗಿ ಕೂತಿದೆ.

ಆ ಲೋಡರನ್ನು ಹಾಸನದಿಂದ ತಂದ ದಿನ ಅದಕ್ಕೆ ಬಕೆಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಉಳಿದದ್ದನ್ನೆಲ್ಲ ನಿನ್ನಪ್ಪ ದೇವರಾಜುವೂ ನಾನೂ ಗುಜರಿ ಸಾಮಾನಿನಿಂದ ಮಾಡಿಕೊಂಡೆವು. "ಎಲ್ಡೇ ಪಿನ್ನು ಕಣಣ್ಣ. ಆ ಎಲ್ಡು ಪಿನ್ನಿಗೆ ಏನ್ ಬೇಕಾದ್ರೂ ನೇತಾಕ್ಬೋದು" ಎನ್ನುತ್ತಿದ್ದ. ಗೊಬ್ಬರದ ಮುಳ್ಳಿಗೆ ಲಾರಿಯ ಸ್ಪ್ರಿಂಗ್ ಪಟ್ಟೆ ಕತ್ತರಿಸಿ ಬೆಸುಗೆ ಹಾಕಿ, ಆತುರಕ್ಕೆ ನೀರು ಎರಚಿ ತಣ್ಣಗೆ ಮಾಡಿದ್ದೆವು. ತಿಪ್ಪೆಗೆ ಚುಚ್ಚಿದ ಕೂಡಲೇ ಕಬ್ಬಿನ ಜಲ್ಲೆಯಂತೆ ಪಟಪಟ ಮುರಿಯಿತು. ನಿನ್ನಪ್ಪ ಅದೇ ತಿಪ್ಪೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೆಯ ಸಲ ಬೆಸೆದದ್ದನ್ನು ಒಲೆಯ ಬೂದಿಯಲ್ಲಿ ಹೂತಿಟ್ಟು ತಾನಾಗಿ ಆರಲು ಬಿಟ್ಟೆವು. ಅದು ಇವತ್ತಿಗೂ ಮುರಿದಿಲ್ಲ.

ಇನ್ನೊಂದು ವಿಷಯ. ಹೇಗೆ ಬರೆಯಬೇಕೋ ತಿಳಿಯದು. ಕೆಂದಿ ಮತ್ತೆ ಗಬ್ಬ. ಪಶು ಆಸ್ಪತ್ರೆಯ ಅನಿಲ್‌ಕುಮಾರ್ ಡಾಕ್ಟರು ಕೈ ಹಾಕಿ ನೋಡಿ ಹೇಳಿದರು. ಸಂಕ್ರಾಂತಿ ಹೊತ್ತಿಗೆ ಕರು. ಹೋದ ಸಲ ಕರು ಹಾಕಿ ಬಿದ್ದ ಹಸು ಈ ಸಲವೂ ಬೀಳುವ ಸಂಭವ ಇದೆಯಂತೆ. ಜರ್ಸಿ ತಳಿಗೆ ಅದು ಹೆಚ್ಚಂತೆ.

ನಿನ್ನಮ್ಮ ಹಾಲು ಕರೆಯುತ್ತಾಳೆ, ಡೈರಿಗೆ ಹಾಕುತ್ತಾಳೆ, ಬರುತ್ತಾಳೆ. ಯಾರಾದರೂ ಮಾತಾಡಿಸಿದರೆ ಆಡುತ್ತಾಳೆ. ನಿನ್ನ ದೊಡ್ಡಮ್ಮ ರಾತ್ರಿ ಅವಳ ಜೊತೆ ಮಲಗುತ್ತಾಳೆ. ಧನ್ಯಾಗೆ ಏನು ಬರೆಯಲಿ ಎಂದು ಕೇಳಿದೆ. "ಏನೈತೆ ಬಾವ ಬರಿಯಕ್ಕೆ. ಉಂಡ್ಲಾ ಅಂತ ಕೇಳಿ" ಎಂದಳು.

ಉಂಡೆಯಾ?

ಇಂತಿ ನಿನ್ನ
ದೊಡ್ಡಪ್ಪ

*

ಸುರಪುರ ತಾಲ್ಲೂಕು
೩-೭-೨೦೨೪

ದೊಡ್ಡಪ್ಪನವರಿಗೆ ಧನ್ಯಾಳ ನಮಸ್ಕಾರ.

ಕಾಗದ ಬಂತು. ಉಣ್ಣುತ್ತಿದ್ದೇನೆ. ಜೋಳದ ರೊಟ್ಟಿ ಅಭ್ಯಾಸವಾಗಿದೆ. ಶಾಲೆ ಶುರುವಾಗಿದೆ. ಪಾಠ ಹೇಳುವಾಗ ನನ್ನ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತದೆ. ಮಕ್ಕಳಿಗೆ ಗೊತ್ತಾಗುವುದಿಲ್ಲ.

ಕೆಂದಿಯನ್ನು ಮಾರಿಬಿಡಿ. ಅದು ಅಲ್ಲಿ ನಿಂತಿರುವ ತನಕ ನಾನು ಆ ಹಟ್ಟಿಗೆ ಬಂದು ಇರಲಾರೆ. ಅಮ್ಮನಿಗೆ ನೀವೇ ಹೇಳಿ.

ಇನ್ನೊಂದು. ಅವತ್ತು ಅಪ್ಪನಿಗೆ ಏನಾಯಿತು ಎಂದು ಯಾರೂ ನನಗೆ ಪೂರ್ತಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಒಂದನ್ನು ಕೇಳುತ್ತೇನೆ. ಲೋಡರ್ ಶೆಡ್ಡಿನಲ್ಲೇ ಇತ್ತಲ್ಲ ದೊಡ್ಡಪ್ಪ? ಬೊಂಬು ಯಾಕೆ ಹಿಡಿದಿರಿ?

ಇಂತಿ
ಧನ್ಯಾ

*

ದುದ್ದ
೧೮-೮-೨೦೨೪

ಚಿ. ಧನ್ಯಾಳಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಹುಡುಕುತ್ತಿದ್ದೆ, ಸಿಗಲಿಲ್ಲ. ಆಗಿದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೆಂದಿ ಕರು ಹಾಕಿದ ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಮಲಗಿತ್ತು, ಏಳಲಿಲ್ಲ. ಕತ್ತು ಹೊಟ್ಟೆಯ ಕಡೆ ತಿರುಗಿಸಿ ಇಟ್ಟುಕೊಂಡಿತ್ತು. ಕಿವಿ ತಣ್ಣಗಿತ್ತು. ಹಸ ಬಿದ್ದೈತೆ ಎಂದು ನಿನ್ನಮ್ಮ ಬೀದಿಗೆ ಬಂದು ಹೇಳಿದಳು. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತು. ಆ ಮಾತು ಕಿವಿಗೆ ಬಿದ್ದ ಗಂಡಸು, ಮನೆ ಮನೆಗೆ ಮಾತಿಲ್ಲದಿದ್ದರೂ, ಒಂದು ಗೋಣಿಚೀಲ ಹಿಡಿದು ಬರಲೇಬೇಕು. ಬಂದರು. ಹೊಟ್ಟೆಯಡಿ ಗೋಣಿ ತೂರಿಸಿ, ಮುಂದೊಂದು ಹಿಂದೊಂದು ಬೊಂಬು ಕೊಟ್ಟು ಎತ್ತಿದೆವು. ಹಿಂದಿನ ಬೊಂಬಿನ ಒಂದು ತುದಿ ನಿನ್ನಪ್ಪನದು, ಇನ್ನೊಂದು ತುದಿ ಪಕ್ಕದ ಕೇರಿಯ ಚಲುವಯ್ಯನದು. ನಾನು ಬಾಲ ಹಿಡಿದಿದ್ದೆ. ಹಸು ನಿಂತಿತು. ಎಲ್ಲರೂ ಹೋ ಎಂದರು. ದೇವರಾಜು ಜಗಲಿಗೆ ಹೋಗಿ ಕೂತು, "ನೀರ್ ತತ್ತಾ" ಎಂದ. ನಿನ್ನಮ್ಮ ನೀರು ತಂದಾಗ ಚೊಂಬು ಹಿಡಿಯುವವರು ಇರಲಿಲ್ಲ.

ಲೋಡರ್ ಯಾಕೆ ನೆನಪಾಗಲಿಲ್ಲ? ಗೊತ್ತಿಲ್ಲ ಕಣವ್ವ. ಹಸು ಬಿದ್ದರೆ ಬೊಂಬು ಎನ್ನುವುದು ಕೈಗೆ ಗೊತ್ತಿತ್ತು. ತಲೆಯನ್ನು ಯಾರೂ ಕೇಳಲಿಲ್ಲ.

ಮಾರುವ ವಿಷಯ ನಿನ್ನಮ್ಮನಿಗೆ ಹೇಳಿದೆ. ಹುಲ್ಲು ಹಾಕುತ್ತಿದ್ದವಳು ತಿರುಗಿ ನೋಡದೆ, "ಬೀಳೋ ಹಸನ ಬೀಳಲ್ಲ ಅಂತ ಹೇಳಿ ಯಾರ ಕೊರಳ್ಗೆ ಕಟ್ಟಾನ ಬಾವ? ಬೀಳ್ತದೆ ಅಂತ ಹೇಳಿದ್ರೆ ಕಟುಕನ ಬಿಟ್ಟು ಇನ್ಯಾರು ಬತ್ತಾರೆ? ಅದ್ರದ್ದೇನ್ ತಪ್ಪೈತೆ?" ಎಂದಳು. ಈಚೆಗೆ ಅವಳು ಆಡಿದ ದೊಡ್ಡ ಮಾತು ಇದೇ.

ಆದ್ದರಿಂದ ಹಸು ಇರುತ್ತದೆ, ಬೀಳುತ್ತದೆ. ಈ ಸಲ ಆ ಎರಡು ಪಿನ್ನಿಗೆ ಹಸು ಎತ್ತುವುದನ್ನು ನೇತುಹಾಕುತ್ತೇನೆ. ಡಾಕ್ಟರು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಹಸುವಿನ ಸೊಂಟದ ಎರಡು ಕಡೆ ಎದ್ದು ಕಾಣುವ ಮೂಳೆ ಇದೆಯಲ್ಲ, ಅದನ್ನು ಹಿಡಿಯುವ ಕಬ್ಬಿಣದ ದೊಡ್ಡ ಇಕ್ಕಳ. ನಡುವೆ ಬಿಗಿಯುವ ಸ್ಕ್ರೂ. ಮುಂಭಾಗಕ್ಕೆ ಎದೆಯ ಕೆಳಗೆ ಒಂದು ಅಗಲವಾದ ಪಟ್ಟಿ. ಸ್ಕ್ರೂಗೆ ಹಾಸನದ ಗುಜರಿಯಲ್ಲಿ ಹಳೆಯ ಲಾರಿ ಜಾಕ್ ಸಿಕ್ಕಿತು. ಪಟ್ಟಿಗೆ ಹೊಳೆನರಸೀಪುರದ ಅಕ್ಕಿ ಗಿರಣಿಯವರು ತೆಗೆದುಹಾಕಿದ ಬೆಲ್ಟ್ ಕೊಟ್ಟರು. ಅದನ್ನು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಕೂತ ಹೆಂಗಸು, "ಏನಜ್ಜ ಇದು, ಯಾರ್ ಸೊಂಟಕ್ಕೆ ಡಾಬು?" ಎಂದಳು. "ನಮ್ಮನೆ ಹೆಣ್ಮಗಳಿಗೆ ಕಣವ್ವ, ಬಾಣಂತನ" ಎಂದೆ.

ಕೆಂದಿಯ ಅಳತೆಯನ್ನು ನಿನ್ನಪ್ಪನ ಟವೆಲ್ಲಿನಲ್ಲಿ ಗಂಟು ಹಾಕಿ ತೆಗೆದುಕೊಂಡೆ. ಅದು ಸುಮ್ಮನೆ ನಿಂತಿತ್ತು. ಮುಟ್ಟಿದರೆ ನನಗೆ ಕೋಪ ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ. ಬೇರೇನೂ ಬರಲಿಲ್ಲ.

ನಿನ್ನಮ್ಮ ಉಂಡೆಯಾ ಎಂದು ಕೇಳಿದ್ದಾಳೆ.

ಇಂತಿ ನಿನ್ನ
ದೊಡ್ಡಪ್ಪ

*

ದುದ್ದ
೨೦-೧೦-೨೦೨೪

ಚಿ. ಧನ್ಯಾಳಿಗೆ ಆಶೀರ್ವಾದ.

ನಿನ್ನಿಂದ ಕಾಗದ ಇಲ್ಲ. ಇರಲಿ. ನಾನು ಬರೆಯುತ್ತೇನೆ. ಬರೆದಾದ ಮೇಲೆ ಕೈ ಸ್ವಲ್ಪ ನನ್ನದು ಅನ್ನಿಸುತ್ತದೆ.

ಇಕ್ಕಳ ಆಯಿತು. ಬಾಗಿಸಿದ ಎರಡು ಕೈಗಳಿಗೂ ಟ್ಯೂಬಿನ ರಬ್ಬರ್ ಸುತ್ತಿದ್ದೇನೆ. ಬೆಸುಗೆಯನ್ನು ಬೂದಿಯಲ್ಲಿ ಹೂತಿಟ್ಟಿದ್ದೆ. ಕೆಲಸ ಮಾಡುವಾಗ ಒಂದು ದಿನ ಚರ್ಮ ಸುಟ್ಟ ವಾಸನೆ ಬಂತು. ಎಲ್ಲಿಂದ ಎಂದು ಸುತ್ತ ನೋಡಿದೆ. ನನ್ನ ಮುಂಗೈ ಮೇಲೆಯೇ ಕಿಡಿ ಕೂತಿತ್ತು. ಮೂಗಿಗೆ ಮೊದಲು ಗೊತ್ತಾಯಿತು, ಕೈಗೆ ಆಮೇಲೆ. ಹೆದರಬೇಡ, ಸಣ್ಣ ಬೊಬ್ಬೆ, ವಾಸಿಯಾಗಿದೆ.

ಹೊಸ ಬ್ಯಾಟರಿ ಹಾಕಿ ಟ್ರಾಕ್ಟರ್ ಚಾಲೂ ಮಾಡಿದೆ. ಆ ಸದ್ದಿಗೆ ನಿನ್ನಮ್ಮ ಒಳಗಿನಿಂದ ಓಡಿ ಬಂದಳು. ಬಾಗಿಲಲ್ಲಿ ನಿಂತು ಸೀಟಿನ ಮೇಲಿದ್ದ ನನ್ನನ್ನು ನೋಡಿದಳು. ಒಳಗೆ ಹೋದಳು. ನಾನು ಆಫ್ ಮಾಡಲು ಕೈ ಹಾಕಿದೆ. "ಮಾಡಿ ಬಾವ, ಮಾಡಿ" ಎಂದು ಅಡಿಗೆಮನೆಯಿಂದಲೇ ಕೂಗಿದಳು.

ಪರೀಕ್ಷೆಗೆ ರಾಗಿ ಮೂಟೆಗಳನ್ನು ಕಟ್ಟಿ ಹಸುವಿನ ತೂಕದಷ್ಟು ಮಾಡಿ ಎತ್ತಿದೆ. ಮೂಟೆ ಮೇಲೆ ಹೋಗುವ ಬದಲು ಟ್ರಾಕ್ಟರಿನ ಹಿಂದಿನ ಚಕ್ರಗಳು ನೆಲ ಬಿಟ್ಟವು. ನಾನು ಸೀಟಿನ ಮೇಲೆ ಸಲಾಮು ಹೊಡೆದಂತೆ ಮುಂದಕ್ಕೆ ಬಾಗಿದೆ. ಆಗ ಬೇಲಿಯ ಆಚೆಯಿಂದ ಒಂದು ದನಿ:

"ಕಾಂತಣ್ಣ, ಇಂದ್ಗಡೆ ಏನಾರ ಕಟ್ಟು. ಇಲ್ದಿದ್ರೆ ಹಸ ಏಳಕ್ಕೆ ಮುಂಚೆ ನೀನ್ ಮಕಾಡೆ ಬಿದ್ದೋಯ್ತೀಯ."

ಚಲುವಯ್ಯ. ಹೋದ ಡಿಸೆಂಬರಿನಿಂದ ನಮ್ಮ ಬೀದಿಗೆ ಬಂದಿರಲಿಲ್ಲ. ಡೈರಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದ.

"ಬಾರೋ ಒಳಕ್ಕೆ" ಎಂದೆ.

"ಇಲ್ಲೇ ಇರ್ತೀನಿ ಬುಡು."

"ಬೇಲಿ ಏನ್ ನಿನ್ ಕೈಲಿ ನಿಂತೈತಾ? ಬಾ ಅಂದ್ರೆ."

ಬರಲಿಲ್ಲ. ತನ್ನ ಕೈಗಳನ್ನು ನೋಡಿಕೊಂಡ. ಅವನನ್ನು ಯಾರೂ ಏನೂ ಅಂದಿಲ್ಲ ಧನ್ಯಾ. ಅವನು ಕೈ ಬಿಟ್ಟ ಎಂದೂ ಅಲ್ಲ. ಅವನು ಆ ಬೊಂಬಿನ ಇನ್ನೊಂದು ತುದಿಯಲ್ಲಿ ಇದ್ದ, ಅಷ್ಟೆ. ಒಂದು ತುದಿಯವನು ಹೋದ, ಇನ್ನೊಂದು ತುದಿಯವನು ಉಳಿದ. ಉಳಿದವನು ಏನು ಮಾಡಬೇಕು ಎಂದು ಯಾರೂ ಅವನಿಗೆ ಹೇಳಿಲ್ಲ. ಬೊಂಬು ಕೊಟ್ಟಿಗೆ ಗೋಡೆಗೆ ಒರಗಿಸಿದಲ್ಲೇ ಇದೆ.

ಸಂಜೆ ನೋಡಿದರೆ ನಮ್ಮ ಬೀದಿಯ ಮೂಲೆಯಲ್ಲಿ ಒಂದು ಒರಳುಕಲ್ಲು ಬಿದ್ದಿತ್ತು. ಮಿಕ್ಸಿ ಬಂದ ಮೇಲೆ ಅವನ ಮನೆಯ ಹಿತ್ತಲಲ್ಲಿ ಮಲಗಿದ್ದ ಒರಳು. ಹಿಂದಿನ ತೂಕಕ್ಕೆಂದು ತಂದು ಹಾಕಿ ಹೋಗಿದ್ದಾನೆ. ಲೋಡರಿನಲ್ಲೇ ಎತ್ತಿ ತಂದೆ. "ಯಾರ ಮನೇದು?" ಎಂದಳು ನಿನ್ನಮ್ಮ. ಹೇಳಿದೆ. ಎರಡು ಕೊಡ ನೀರು ತಂದು, ತೆಂಗಿನ ಜುಂಗು ಹಾಕಿ ಆ ಒರಳನ್ನು ಒಳಗೂ ಹೊರಗೂ ತಿಕ್ಕಿ ತೊಳೆದಳು. ಟ್ರಾಕ್ಟರಿನ ಹಿಂದೆ ಕಟ್ಟುವ ಕಲ್ಲನ್ನು ಯಾರಾದರೂ ತೊಳೆಯುತ್ತಾರೆಯೇ?

ಅದನ್ನು ಕಟ್ಟಿದ ಮೇಲೆ ಚಕ್ರ ಏಳಲಿಲ್ಲ.

ಇಂತಿ ನಿನ್ನ
ದೊಡ್ಡಪ್ಪ

*

ಸುರಪುರ ತಾಲ್ಲೂಕು
೧೭-೧೧-೨೦೨೪

ದೊಡ್ಡಪ್ಪನವರಿಗೆ ನಮಸ್ಕಾರ.

ನಿಮ್ಮ ಎರಡೂ ಕಾಗದ ಬಂದವು. ಆಗಸ್ಟಿನದನ್ನು ಒಂದು ಸಲ ಓದಿ ಎತ್ತಿಟ್ಟೆ.

ನಾನು ಅಮ್ಮನ ಹತ್ತಿರ ಯಾಕೆ ಮಾತಾಡುತ್ತಿಲ್ಲ ಎಂದು ನೀವು ಕೇಳಿಲ್ಲ. ಕೇಳದೇ ಇದ್ದದ್ದಕ್ಕೆ ಹೇಳುತ್ತೇನೆ.

ಆ ಬೆಳಿಗ್ಗೆ ಫೋನ್ ಮಾಡಿದ್ದು ಅಮ್ಮ. ನಾನು ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುತ್ತಿದ್ದೆ. ಎತ್ತಿದರೆ, "ಕೆಂದಿ ಎದ್ ನಿಂತ್ಕತು ಕಣವ್ವ" ಎಂದಳು. ಕೆಂದಿ ಬಿದ್ದದ್ದೇ ನನಗೆ ಗೊತ್ತಿರಲಿಲ್ಲ. ನನಗೆ ಖುಷಿಯಾಯಿತು. ಒಳ್ಳೇದಾಯ್ತು, ಅಪ್ಪನಿಗೆ ಕೊಡು ಎಂದೆ. ಅವಳು ಕೊಡಲಿಲ್ಲ, ಇಡಲೂ ಇಲ್ಲ. ನಾನು ನಗುತ್ತಾ, ಅಪ್ಪ ಎಲ್ಲಮ್ಮ, ಅಪ್ಪನಿಗೆ ಕೊಡಮ್ಮ ಎನ್ನುತ್ತಲೇ ಇದ್ದೆ. ಆಮೇಲೆ ನೀವು ಫೋನ್ ತಗೊಂಡಿರಿ.

ಅಪ್ಪ ಹೋದ ಮೇಲೆ ನಾನು ಅಷ್ಟು ಹೊತ್ತು ನಗುತ್ತಿದ್ದೆ. ಅವಳು ಹಸುವಿನ ಸುದ್ದಿ ಮೊದಲು ಹೇಳಿದಳು. ಆ ಮಾತು ಎಲ್ಲಿ ನಿಂತಿತೋ ಅಲ್ಲೇ ನಾನೂ ನಿಂತಿದ್ದೇನೆ. ಅಳು ಬಂದಿಲ್ಲ, ಈಗಲೂ.

ಅಪ್ಪನ ವರ್ಷದ ಎಡೆಗೆ ಬರುತ್ತೇನೆ. ರಜೆ ಒಂದೇ ದಿನ.

ಇಂತಿ
ಧನ್ಯಾ

*

ದುದ್ದ
೨೯-೧೨-೨೦೨೪

ಚಿ. ಧನ್ಯಾಳಿಗೆ ಆಶೀರ್ವಾದ.

ಎಡೆಯ ದಿನ ಬಂದೆ, ಉಂಡೆ, ಸಂಜೆ ಬಸ್ಸಿಗೆ ಹೋದೆ. ಕೊಟ್ಟಿಗೆ ಕಡೆ ತಿರುಗಲಿಲ್ಲ. ನಿನ್ನಮ್ಮ ನಿನ್ನ ಎಲೆಗೆ ಬಡಿಸುವಾಗ ನೀನು ಸಾಕು ಎಂದು ಕೈ ಅಡ್ಡ ಇಟ್ಟೆ. ಅವಳು ಪಾಯಸದ ಸೌಟು ಹಿಡಿದು ಆ ಕೈಯನ್ನೇ ನೋಡುತ್ತಾ ನಿಂತಳು. ನಾನು ನೋಡಿದೆ. ನೋಡಿದೆ ಎಂದು ಮಾತ್ರ ಬರೆಯುತ್ತೇನೆ.

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿಲ್ಲ. ಹೇಳಬೇಕಾದರೆ ನೀನೇ ಹೇಳು.

ಬೊಂಬು ಯಾಕೆ ಎಂದ ನಿನ್ನ ಪ್ರಶ್ನೆಗೆ ಈಗ ಉತ್ತರ ಸಿಕ್ಕಿದೆ. ನನ್ನ ಪೆದ್ದುತನದಿಂದ ಸಿಕ್ಕಿದೆ.

ನೀನು ಹೋದ ಮೂರನೆಯ ದಿನ, ಒಂದು ಸಲ ಆಟ ಆಡಿದ ಹಾಗೆ ನೋಡೋಣ ಎಂದು ಇಕ್ಕಳ ಕಟ್ಟಿಕೊಂಡು ಟ್ರಾಕ್ಟರನ್ನು ಕೊಟ್ಟಿಗೆ ಮುಂದಕ್ಕೆ ತಂದೆ. ಮುಂದೆ ಗೋಡೆ ಇಲ್ಲದ ಕೊಟ್ಟಿಗೆ, ಒಳಗೆ ನುಗ್ಗಿಸಿದೆ. ಲೋಡರಿನ ಕೈ ಎತ್ತಿದೆ. ತೂಗುವ ಇಕ್ಕಳ ಇನ್ನೂ ಎದೆಮಟ್ಟಕ್ಕೆ ಬಂದಿಲ್ಲ, ಮೇಲೆ ಫಟ್ ಎಂದಿತು. ಹೆಂಚು ಒಡೆದು ತಲೆಯ ಮೇಲೆ ಬಿತ್ತು. ಹೆಂಚಿನ ಮಾಡು ಅಷ್ಟು ತಗ್ಗು. ಹಸುವಿನ ಸೊಂಟದ ಅಳತೆ ತೆಗೆದೆ, ಎದೆಯ ಅಳತೆ ತೆಗೆದೆ, ಮೂಟೆಯ ತೂಕ ಲೆಕ್ಕ ಹಾಕಿದೆ. ಅದನ್ನು ಎತ್ತುವ ಜಾಗದ ಮಾಡು ಎಷ್ಟು ಎತ್ತರ ಎಂದು ನೋಡಲಿಲ್ಲ. ಹುಟ್ಟಿದಾಗಿನಿಂದ ತಲೆ ಬಗ್ಗಿಸಿಕೊಂಡೇ ಒಳಗೆ ಹೋಗುವ ಕೊಟ್ಟಿಗೆ ಅದು. ಬಗ್ಗಿ ಬಗ್ಗಿ ಅದು ತಗ್ಗು ಎನ್ನುವುದೇ ಮರೆತುಹೋಗಿದೆ.

ಸೀಟಿನ ಮೇಲೆ ಹೆಂಚಿನ ಪುಡಿ ಹೊತ್ತು ಕೂತಿದ್ದೆ. ಆಗ ಹೊಳೆಯಿತು. ಅವತ್ತು ನಮಗೆ ಲೋಡರ್ ನೆನಪಾಗಿದ್ದರೂ ಆಗುತ್ತಿರಲಿಲ್ಲ. ಇಕ್ಕಳ ಸಿದ್ಧ ಇದ್ದಿದ್ದರೂ ಆಗುತ್ತಿರಲಿಲ್ಲ. ಬೊಂಬೇ ಹಿಡಿಯಬೇಕಿತ್ತು. ದೇವರಾಜು ಒಂದು ತುದಿ ಹಿಡಿಯುತ್ತಿದ್ದ. ಈ ಮಾತಿನಿಂದ ನಿನಗೆ ಹಗುರ ಆಗುತ್ತದೋ ಇಲ್ಲವೋ ತಿಳಿಯದು. ನನಗೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಒಂದು ಬಾಗಿಲು ಮುಚ್ಚಿಕೊಂಡಿತು, ಗಾಳಿ ನಿಂತಿತು. ಅಷ್ಟೆ.

ಇನ್ನೇನು ಮಾಡುವುದು? "ಅಂಗಳದಲ್ಲಿ ಹೊಂಗೆ ಮರದ ಕೆಳಗೆ ಕಟ್ಟೋಣ, ಅಲ್ಲೇ ಕರು ಹಾಕಲಿ" ಎಂದೆ. ನಿನ್ನಮ್ಮ ಒಪ್ಪಲಿಲ್ಲ.

"ಈಯೋ ಹಸನ ಬೀದಿ ಮಕಕ್ಕೆ ಕಟ್ತಾರಾ ಬಾವ? ಓಗೋರ್ ಬರೋರ್ ಕಣ್ಣೆಲ್ಲ ಬೀಳಲ್ವಾ? ಮಂಜು ಬೇರೆ. ನಿಮ್ಮನೆ ಹೆಣ್ಮಕ್ಳನ್ನ ಅಂಗೆ ಮಲಗಿಸ್ತೀರಾ?"

"ಮತ್ತೆ ಮಾಡು ಮೇಲಕ್ಕೆ ಓಗ್ತದೇನವ್ವ?" ಎಂದೆ, ಸ್ವಲ್ಪ ಗಡುಸಾಗಿಯೇ.

ಅವಳು ಮಾಡನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಏಣಿ ತಂದು ಒರಗಿಸಿ, ನಾನು ಬೇಡ ಎನ್ನುವಷ್ಟರಲ್ಲಿ ಹತ್ತಿ, ಕೆಂದಿ ನಿಲ್ಲುವ ಜಾಗದ ಮೇಲಿನ ಹೆಂಚನ್ನು ಒಂದೊಂದಾಗಿ ಎತ್ತಿ ಕೆಳಗೆ ಕೊಡಲು ಶುರು ಮಾಡಿದಳು. "ಇಡ್ಕಳಿ ಬಾವ." ನಾನು ಹಿಡಿದುಕೊಂಡೆ. ಒಬ್ಬನೇ ಹಿಡಿದು ಜೋಡಿಸಲು ಆಗಲಿಲ್ಲ. ಬೇಲಿಯ ಕಡೆ ನೋಡಿದೆ. ಇದ್ದ. ಈ ಸಲ ನಾನು ಕರೆಯಲಿಲ್ಲ, ಮೇಲಿನಿಂದ ಅವಳೇ ಕರೆದಳು:

"ಏನ್ ಚಲುವಯ್ಯ, ಬೇಲಿಗೆ ಕಾವಲಾ? ನಿಮ್ಮೊರಳು ಇಲ್ಲಿ ಕೆಲ್ಸ ಮಾಡ್ತಾ ಅದೆ, ನೀನ್ ಅಲ್ಲಿ ನಿಂತಿದ್ದೀಯಲ್ಲ."

ಬಂದ. ಬೇಲಿಯ ಬಾಗಿಲು ದಾಟುವಾಗ ಎಡವಿದ. ಹೆಂಚು ಹಿಡಿದುಕೊಂಡ. ರೀಪು ಬಿಚ್ಚಿ, ಎರಡು ಗಳ ಕುಯ್ದು, ಸಂಜೆ ಹೊತ್ತಿಗೆ ಮಾಡಿನಲ್ಲಿ ಲೋಡರಿನ ಕೈ ಹೋಗುವಷ್ಟು ದೊಡ್ಡ ತೂತು ಮಾಡಿದೆವು. ರಾತ್ರಿಗೆ ಟಾರ್ಪಾಲು ಎಳೆಯುತ್ತೇವೆ. ಕೊಟ್ಟಿಗೆ ಒಳಗೆ ಮೊದಲ ಸಲ ಬಿಸಿಲು ಬಿತ್ತು. ಕೆಂದಿ ಕತ್ತೆತ್ತಿ ನೋಡಿತು.

ನಿನ್ನಮ್ಮ ಇಳಿದು ಬಂದು ಕೈ ತೊಳೆದಳು. ಏನು ಬರೆಯಲಿ ಎಂದು ಕೇಳಿದೆ. "ಮಾಡು ತೆಗ್ದಿದ್ದೀವಿ ಅಂತ ಬರೀರಿ" ಎಂದಳು. ಬರೆದಿದ್ದೇನೆ.

ಇಂತಿ ನಿನ್ನ
ದೊಡ್ಡಪ್ಪ

*

ದುದ್ದ
೨೬-೧-೨೦೨೫

ಚಿ. ಧನ್ಯಾಳಿಗೆ ಆಶೀರ್ವಾದ.

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ. ನಾನು, ನಿನ್ನಮ್ಮ, ನಿನ್ನ ದೊಡ್ಡಮ್ಮ, ಚಲುವಯ್ಯ, ಎಲ್ಲರೂ ಇದ್ದೇವೆ. ಯಾರಿಗೂ ಏನೂ ಆಗಿಲ್ಲ. ಇನ್ನು ಮುಂದಕ್ಕೆ ಓದು.

ಸಂಕ್ರಾಂತಿ ಕಳೆದ ಮೇಲೆ ಕೆಂದಿ ಕರು ಹಾಕಿತು. ಹೋರಿಗರು. ಡಾಕ್ಟರು ಹೇಳಿದ ಹಾಗೆಯೇ, ಮಾರನೆಯ ಬೆಳಿಗ್ಗೆ ನೋಡಿದರೆ ಬಿದ್ದಿತ್ತು. ಕತ್ತು ಅದೇ ಕಡೆಗೆ ತಿರುಗಿಸಿಕೊಂಡಿತ್ತು. ನಿನ್ನಮ್ಮ ಕಿವಿ ಮುಟ್ಟಿ ನೋಡಿ, "ತಣ್ಣಗದೆ" ಎಂದಳು, ಕಾಫಿ ಆರಿದೆ ಎನ್ನುವ ಹಾಗೆ. ಡಾಕ್ಟರು ಬಂದು ಕತ್ತಿನ ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಇಳಿಸಿದರು. ಕಿವಿ ಬೆಚ್ಚಗಾಯಿತು, ಕಣ್ಣು ಬಿಟ್ಟಿತು. ಏಳಲಿಲ್ಲ. ರಾತ್ರಿಯೆಲ್ಲ ಒಂದೇ ಮಗ್ಗುಲಲ್ಲಿ ಬಿದ್ದು ಕಾಲು ಜೋಮು ಹಿಡಿದಿತ್ತು.

"ಇಕ್ಕಳ ಇದೆಯಲ್ಲ, ಎತ್ತಿ" ಎಂದರು ಡಾಕ್ಟರು. "ಆದರೆ ಯಜಮಾನ್ರೇ, ನೇತು ಹಾಕಬೇಡಿ. ಸ್ವಲ್ಪ ಹೊತ್ತು ಎತ್ತಿ, ಕಾಲು ಊರುತ್ತಾ ನೋಡಿ, ಇಳಿಸಿ, ಮಗ್ಗುಲು ಬದಲಾಯಿಸಿ. ಮತ್ತೆ ಎತ್ತಿ. ಎತ್ತೋದು ಮಷೀನು, ನಿಲ್ಲೋದು ಅದೇ ನಿಲ್ಲಬೇಕು."

ಅಷ್ಟರಲ್ಲಿ ಬೀದಿಯ ಗಂಡಸರು ಬಂದರು. ನಿನ್ನಮ್ಮ ಈ ಸಲ ಹೊರಗೆ ಹೋಗಿ ಹೇಳಿರಲಿಲ್ಲ, ಆದರೂ ಬಂದರು, ಹೆಗಲ ಮೇಲೆ ಗೋಣಿ ಹಾಕಿಕೊಂಡು. ಮಾಡು ತೆಗೆದ ಕೊಟ್ಟಿಗೆಯನ್ನೂ, ಒರಳುಕಲ್ಲು ಕಟ್ಟಿದ ಟ್ರಾಕ್ಟರನ್ನೂ ನೋಡಿದರು. "ನಾವೇನ್ ಮಾಡಾನ ಕಾಂತಣ್ಣ?" ಎಂದರು. ಹಿಡಿಯಲು ಏನೂ ಇರಲಿಲ್ಲ. ಗೋಣಿಗಳನ್ನೆಲ್ಲ ಮಡಿಸಿ ಹಸುವಿನ ಕೆಳಗೆ ಹಾಸಲು ಹೇಳಿದೆ. ಹಾಸಿ, ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂದು ತಿಳಿಯದೆ ಸುತ್ತ ನಿಂತರು.

ನಾನು ಸೀಟಿನ ಮೇಲೆ. ಚಲುವಯ್ಯ ಎದೆಯ ಬೆಲ್ಟಿನ ಹತ್ತಿರ. ನಿನ್ನಮ್ಮ ಇಕ್ಕಳದ ಹತ್ತಿರ. ಸೀಟಿನಿಂದ ಹಸುವಿನ ಕಾಲು ಕಾಣುವುದಿಲ್ಲ. ಆದ್ದರಿಂದ ನಾನು ಟ್ರಾಕ್ಟರಿನ ಮುಂದಿನ ಟೈರನ್ನು ನೋಡುತ್ತಿದ್ದೆ. ಹಸುವಿನ ಭಾರ ಬಂದರೆ ಟೈರ್ ಅಮುಕಿ ಪಕ್ಕಕ್ಕೆ ಉಬ್ಬುತ್ತದೆ.

ಎತ್ತಿದೆ. ಟೈರ್ ಉಬ್ಬಿತು. ಕಾಲು ಒಣಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದೆ ಎಂದರು. ಇಳಿಸಿದೆ. ಮಗ್ಗುಲು ಬದಲಾಯಿಸಿದೆವು. ಮಧ್ಯಾಹ್ನ ಎತ್ತಿದೆ. ಉಬ್ಬಿತು. ಇಳಿಸಿದೆ. ಸಂಜೆ ಮತ್ತೆ. ಮಾರನೆಯ ದಿನ ಮತ್ತೆ. ನಿನ್ನಮ್ಮ ಹಂಡೆಗಟ್ಟಲೆ ನೀರು ಕಾಯಿಸಿ ಕಾಲಿಗೆ ಶಾಖ ಕೊಟ್ಟು ತಿಕ್ಕಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ನನ್ನ ಮುಖದಲ್ಲೂ ಇರಲಿಲ್ಲ ಅಂತ ಕಾಣುತ್ತದೆ. ಎತ್ತು ಎಂದರೆ ಎತ್ತಿದೆ, ಇಳಿಸು ಎಂದರೆ ಇಳಿಸಿದೆ. ಗಂಡಸರಲ್ಲಿ ಅರ್ಧ ಜನ ಮನೆಗೆ ಹೋದರು. "ಇದು ಆಗೋ ಮಾತಲ್ಲ" ಎಂದ ಒಬ್ಬ.

"ಆಗದಿದ್ರೆ ನಿಮ್ಮಪ್ಪನ ಮನೆ ಗಂಟೇನೋ ಓಗೋದು? ನೀರ್ ತಕಂಬಾ" ಎಂದ ಚಲುವಯ್ಯ.

ಮೂರನೆಯ ದಿನ ಬೆಳಿಗ್ಗೆ ಎತ್ತಿದೆ. ಟೈರ್ ಎಂದಿನಂತೆ ಉಬ್ಬಿತು. ಸ್ವಲ್ಪ ಹೊತ್ತು ಹಿಡಿದೆ. ನಿನ್ನಮ್ಮ, "ಇಳ್ಸಿ ಬಾವ" ಎಂದಳು. ಅವಳ ದನಿ ಕೇಳಿ, ಸರಿ, ಆಸೆ ಬಿಟ್ಟಳು ಎಂದುಕೊಂಡೆ. ಲಿವರನ್ನು ಮೆಲ್ಲಗೆ ಒತ್ತಿದೆ. ಲೋಡರಿನ ಕೈ ಇಳಿಯಿತು. ಟೈರನ್ನು ನೋಡುತ್ತಲೇ ಇದ್ದೆ. ಉಬ್ಬು ಇಳಿಯಿತು. ಟೈರ್ ತನ್ನ ಆಕಾರಕ್ಕೆ ಬಂತು. ಅಂದರೆ ಹಸು ನೆಲಕ್ಕೆ ಮುಟ್ಟಿದೆ, ಮಲಗಿದೆ ಎಂದುಕೊಂಡೆ. ತಲೆ ಎತ್ತಿದರೆ ಇಕ್ಕಳದ ಸರಪಳಿ ಸಡಿಲವಾಗಿ ತೂಗುತ್ತಿದೆ. ಅದರ ಕೆಳಗೆ ಕೆಂದಿ ನಿಂತಿದೆ. ನಾಲ್ಕು ಕಾಲೂ ನಡುಗುತ್ತಿವೆ. ನಿಂತಿದೆ.

ಯಾರೂ ಹೋ ಎನ್ನಲಿಲ್ಲ. ಹೋದ ಸಲದ್ದು ಎಲ್ಲರಿಗೂ ನೆನಪಿತ್ತು. ಎಲ್ಲರೂ ನನ್ನನ್ನು ನೋಡಿದರು, ಚಲುವಯ್ಯನನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು. ಯಾರಾದರೂ ಹೋಗಿ ಕೂತರೆ ಎಂದು ಜಗಲಿಯನ್ನು ನೋಡಿದರು. ಯಾರೂ ಕೂರಲಿಲ್ಲ. ನಿನ್ನಮ್ಮ ಎಲ್ಲರಿಗೂ ನೀರು ತಂದಳು. ಮೊದಲು ಚಲುವಯ್ಯನಿಗೆ ಕೊಟ್ಟಳು. ಅವನು ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಿದ್ದು, ಖಾಲಿ ಚೊಂಬು ಕೈಗೆ ಬಂದ ಮೇಲೆ ಆಚೆ ಸರಿದಳು.

ಎಲ್ಲರೂ ಹೋದ ಮೇಲೆ ಕಿಟಕಿಯಲ್ಲಿಟ್ಟಿದ್ದ ಫೋನನ್ನು ತೆಗೆದುಕೊಂಡಳು. ನೋಡಿದಳು. ಮತ್ತೆ ಅಲ್ಲೇ ಇಟ್ಟಳು.

"ನೀವೇ ಬರ್ದಾಕಿ ಬಾವ," ಎಂದಳು. "ನಾನ್ ಎಂಗೆ ಹೇಳ್ಲಿ? ಅವತ್ತು ನಿಮ್ ತಮ್ಮಂದೇ ಹೇಳಕ್ಕೆ ಅಂತ ಫೋನ್ ಮಾಡ್ದೆ. ಬಾಯಿ ಬುಟ್ರೆ ಹಸಿನ್ ಸುದ್ದಿ ಬಂತು. ಇನ್ನೊಂದು ಬರ್ಲೇ ಇಲ್ಲ. ಆ ಮಗು ಅಪ್ಪನ್ಗೆ ಕೊಡು ಅಪ್ಪನ್ಗೆ ಕೊಡು ಅಂತು. ಈಗ ಮತ್ತೆ ಅದೇ ಮಾತ ನನ್ ಬಾಯಲ್ಲಿ ಕೇಳಿದ್ರೆ ಅವ್ಳು ಏನಾಯ್ತಾಳೆ?"

ನಾನು ಅವಳಿಗೆ ನಿನ್ನ ಕಾಗದದ ವಿಷಯ ಹೇಳಿಯೇ ಇರಲಿಲ್ಲ, ಧನ್ಯಾ. ಅವಳಿಗೆ ಗೊತ್ತಿತ್ತು.

ಆದ್ದರಿಂದ ನಾನು ಬರೆಯುತ್ತಿದ್ದೇನೆ. ಕೆಂದಿ ಎದ್ದಿದೆ.

ಇಂತಿ ನಿನ್ನ
ದೊಡ್ಡಪ್ಪ

*

ಸುರಪುರ ತಾಲ್ಲೂಕು
೫-೨-೨೦೨೫

ದೊಡ್ಡಪ್ಪನವರಿಗೆ ನಮಸ್ಕಾರ.

ಮೊದಲ ಸಾಲಿನಲ್ಲಿ ಎಲ್ಲರ ಹೆಸರನ್ನೂ ಬರೆದಿದ್ದಿರಿ. ಅದನ್ನು ಓದಿ ಮುಂದಕ್ಕೆ ಹೋಗಲು ಸ್ವಲ್ಪ ಹೊತ್ತಾಯಿತು.

ಅಮ್ಮನಿಗೆ ಹೇಳಿ, ಫೋನ್ ಮಾಡಲಿ. ಅದೇ ಮಾತು ಹೇಳಲಿ. ಈ ಸಲ ಅದರ ಹಿಂದೆ ಇನ್ನೊಂದು ಮಾತಿಲ್ಲ ಎಂದು ನನಗೆ ಗೊತ್ತಿರುತ್ತದೆ. ಬೆಳಿಗ್ಗೆ ಬೇಡ. ಭಾನುವಾರ ಸಂಜೆ ಹಾಲು ಕರೆದಾದ ಮೇಲೆ. ನಾನು ಎತ್ತುತ್ತೇನೆ.

ಏನು ಮಾತಾಡಬೇಕು ಎಂದು ಗೊತ್ತಿಲ್ಲ. ಅದನ್ನೂ ಹೇಳಿ.

ಇಂತಿ
ಧನ್ಯಾ

*

ದುದ್ದ
೧೬-೨-೨೦೨೫, ಭಾನುವಾರ ರಾತ್ರಿ

ಚಿ. ಧನ್ಯಾಳಿಗೆ ಆಶೀರ್ವಾದ.

ನೀನು ಫೋನ್ ಎತ್ತಿದೆ. ಹಲೋ ಎಂದೆ. ಆಮೇಲೆ ಈ ಕಡೆಯಿಂದ ಒಂದು ಮಾತು ಬಿಟ್ಟರೆ ಬೇರೆ ಬರಲಿಲ್ಲ. ನಿನಗೆ ಗಾಬರಿ ಆಗಿರಬಹುದು, ಆದ್ದರಿಂದ ಈಗಲೇ ಕೂತು ಬರೆಯುತ್ತಿದ್ದೇನೆ.

ಹಾಲು ಕರೆದಾದ ಮೇಲೆ ನಿನ್ನಮ್ಮ ಕೊಟ್ಟಿಗೆಯಲ್ಲೇ ನಿಂತು ನಂಬರ್ ಒತ್ತಿಸಿಕೊಂಡಳು. ನಿನ್ನ ದನಿ ಕೇಳಿದ ಮೇಲೆ ಬಾಯಿ ತೆರೆದಳು. "ಕೆಂದಿ" ಎಂದಳು, ಅಷ್ಟೇ. ಮುಂದಿನದು ಹೊರಡಲಿಲ್ಲ. ನಾನು ಫೋನಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಅವತ್ತು ಕೊಟ್ಟಿದ್ದಳು, ಇವತ್ತು ಕೊಡಲಿಲ್ಲ. ಹಸುವಿನ ಹತ್ತಿರಕ್ಕೆ ಹೋಗಿ, ಅದರ ದವಡೆಯ ಪಕ್ಕಕ್ಕೆ ಫೋನ್ ಹಿಡಿದು ನಿಂತಳು.

ನಿನಗೆ ಕೇಳಿಸಿದ್ದು ಅದು. ಮೆಲುಕು ಹಾಕುವ ಸದ್ದು. ನಡುವೆ ಒಂದು ಸಲ ದೊಡ್ಡದಾಗಿ ಉಸಿರು ಬಿಟ್ಟಿತಲ್ಲ, ಅದೂ ಕೆಂದಿಯದೇ. ಅದಾದ ಮೇಲೆ ಸಣ್ಣಗೆ ಒಂದು ಸದ್ದು ಬಂತು, ಬಹಳ ಹೊತ್ತು ಬಂತು. ಅದು ಹಸುವಿನದಲ್ಲ.

ನಿನ್ನ ಕಡೆಯಿಂದಲೂ ಅಂಥದ್ದೇ ಸದ್ದು ಬರುತ್ತಿತ್ತು. ನಾನು ಒರಳುಕಲ್ಲಿನ ಮೇಲೆ ಕೂತಿದ್ದೆ, ನನಗೂ ಕೇಳಿಸಿತು.

ಮಾಡಿಗೆ ಹೆಂಚು ಇನ್ನೂ ಹೊದಿಸಿಲ್ಲ.

ಇಂತಿ ನಿನ್ನ
ದೊಡ್ಡಪ್ಪ